ಮಡಿಕೆ ಬಿಚ್ಚದಂತೆ: ಬಿಸಿಲು ನಾಡು, ಪ್ರೋಟೀನ್ ಔಷಧ ಮತ್ತು ಹೈಡ್ರೋಜೆಲ್

ಔಷಧಗಳನ್ನು ಅವುಗಳ ಅಣುವಿನ ಗಾತ್ರವನ್ನು ನೋಡಿ ಎರಡು ಗುಂಪುಗಳಾಗಿ ವಿಂಗಡಿಸಬಹುದು. ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಅಣುವಿನಲ್ಲಿ ಇರುವುದು ಕೇವಲ 20 ಪರಮಾಣುಗಳು. ಅವು ಒಂದಕ್ಕೊಂದು ಗಟ್ಟಿಯಾದ ರಾಸಾಯನಿಕ ಬಂಧಗಳಿಂದ ಬೆಸೆದುಕೊಂಡಿರುವುದರಿಂದ, ಆ ಮಾತ್ರೆ ಸಂತೆಯ ಅಂಗಡಿಯ ಡಬ್ಬಿಯಲ್ಲಿ ಬೇಸಿಗೆಯಿಡೀ ಕುಳಿತರೂ ತನ್ನ ಗುಣವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ಮಧುಮೇಹಕ್ಕೆ ಚುಚ್ಚುವ ಮಾನವ ಇನ್ಸುಲಿನ್ ಅಣುವಿನಲ್ಲಿ 788 ಪರಮಾಣುಗಳಿದ್ದು, ಪ್ರೋಟೀನುಗಳ ಲೋಕದಲ್ಲಿ ಅದೂ ಚಿಕ್ಕದೇ. ಕ್ಯಾನ್ಸರಿಗೂ ಸಂಧಿವಾತಕ್ಕೂ ಕೊಡುವ ಪ್ರತಿಕಾಯ ಔಷಧಗಳ ಒಂದೊಂದು ಅಣುವಿನಲ್ಲಿ ಹಲವು ಸಾವಿರ ಪರಮಾಣುಗಳಿರುತ್ತವೆ. ಈ ದೊಡ್ಡ ಅಣುಗಳ ಗುಣವು ಅವು ಯಾವುದರಿಂದ ಆಗಿವೆ ಎಂಬುದರಷ್ಟೇ ಅವು ಹೇಗೆ ಮಡಿಸಿಕೊಂಡಿವೆ ಎಂಬುದನ್ನೂ ಅವಲಂಬಿಸಿದೆ. ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರವೇ ಪ್ರೋಟೀನ್. ಆ ಸರ ತನ್ನಷ್ಟಕ್ಕೆ ತಾನೇ ಒಂದು ನಿರ್ದಿಷ್ಟ ಆಕಾರಕ್ಕೆ ಮಡಿಸಿಕೊಂಡಾಗ ಮಾತ್ರ ಅದು ಔಷಧ, ಮಡಿಕೆ ಬಿಚ್ಚಿದರೆ ಅದೇ ಮಣಿಗಳ, ಅದೇ ತೂಕದ, ಆದರೆ ಕೆಲಸಕ್ಕೆ ಬಾರದ ಸರ. ಆ ಮಡಿಕೆಯನ್ನು ಕಾರ್ಖಾನೆಯಿಂದ ರೋಗಿಯ ಮನೆಯವರೆಗೆ ಕಾಪಾಡುವುದು ಹೇಗೆ ಎಂಬುದೇ ಈ ಅಧ್ಯಾಯದ ವಿಷಯ.

ಬಿಸಿಲಿನ ದಾರಿ

ಪ್ರೋಟೀನ್ ಔಷಧಗಳನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕೆಂಬ ನಿಯಮವಿದೆ. ತಯಾರಾದ ಗಳಿಗೆಯಿಂದ ಚುಚ್ಚುವ ಗಳಿಗೆಯವರೆಗೆ ಈ ತಂಪು ಎಲ್ಲಿಯೂ ತುಂಡಾಗದಂತೆ ನೋಡಿಕೊಳ್ಳುವ ಏರ್ಪಾಟಿಗೆ ಶೀತಲ ಸರಪಳಿ ಎಂದು ಹೆಸರು. ಲಸಿಕೆಗಳ ಮಟ್ಟಿಗೆ ಈ ಸರಪಳಿ ಭಾರತದಲ್ಲಿ ಹಳ್ಳಿಯ ಮಟ್ಟಕ್ಕೂ ತಲುಪಿದೆ: ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವಿದ್ಯುತ್ ಹೋದರೂ ಕೆಲ ಕಾಲ ತಂಪನ್ನು ಹಿಡಿದಿಡುವ ಐಎಲ್‌ಆರ್ ಎಂಬ ಪೆಟ್ಟಿಗೆಗಳಿವೆ, ಲಸಿಕೆಯ ದಿನ ಆರೋಗ್ಯ ಕಾರ್ಯಕರ್ತೆಯ ಹೆಗಲಿಗೆ ಐಸ್ ಪ್ಯಾಕ್ ತುಂಬಿದ ವ್ಯಾಕ್ಸಿನ್ ಕ್ಯಾರಿಯರ್ ಇರುತ್ತದೆ, ಲಸಿಕೆಯ ಸೀಸೆಯ ಮೇಲೆ ಬಿಸಿಗೆ ಬಣ್ಣ ಬದಲಿಸುವ ಒಂದು ಪುಟ್ಟ ಚೌಕವನ್ನು ಅಚ್ಚು ಹಾಕಿರುತ್ತಾರೆ. ಇನ್ಸುಲಿನ್ನಿನ ಪಾಡು ಬೇರೆ. ಅದನ್ನು ರೋಗಿಯೇ ಔಷಧದ ಅಂಗಡಿಯಿಂದ ಕೊಂಡು, ತಾನೇ ಮನೆಗೊಯ್ದು, ತಾನೇ ಇಟ್ಟುಕೊಂಡು, ತಾನೇ ಚುಚ್ಚಿಕೊಳ್ಳಬೇಕಾಗಿರುವುದರಿಂದ, ಸರಪಳಿಯ ಕೊನೆಯ ಕೊಂಡಿ ಸರಕಾರದ ಕೈಯಲ್ಲೂ ಇಲ್ಲ, ಕಂಪನಿಯ ಕೈಯಲ್ಲೂ ಇಲ್ಲ. ಬಿಸಿ ತಾಗಿತೆಂದು ಹೇಳುವ ಚೌಕವೂ ಆ ಸೀಸೆಯ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ.

ಈ ಕೊನೆಯ ಕೊಂಡಿಯ ಪರೀಕ್ಷೆಗೆ ಯಾದಗಿರಿ ಜಿಲ್ಲೆಗಿಂತ ಕಠಿಣವಾದ ನೆಲ ಕರ್ನಾಟಕದಲ್ಲಿ ಹೆಚ್ಚಿಲ್ಲ. ಕಲಬುರಗಿಯಿಂದ ಬೇರ್ಪಟ್ಟು 2010ರಲ್ಲಿ ರಾಜ್ಯದ 30ನೇ ಜಿಲ್ಲೆಯಾದ, ಭೀಮಾ ಮತ್ತು ಕೃಷ್ಣಾ ನದಿಗಳು ಹಾಯುವ ಈ ಬಯಲಿನಲ್ಲಿ ಏಪ್ರಿಲ್ ಮತ್ತು ಮೇ ತಿಂಗಳ ಮಧ್ಯಾಹ್ನಗಳು 40 ಡಿಗ್ರಿ ದಾಟುವುದು ವಾಡಿಕೆ. ಬೆಂಗಳೂರಿನ ಬಯೋಕಾನ್ ಸಂಸ್ಥೆ ಯೀಸ್ಟ್ ಜೀವಕೋಶಗಳಲ್ಲಿ ಬೆಳೆಸಿದ ಮಾನವ ಇನ್ಸುಲಿನ್ನನ್ನು 2004ರಲ್ಲಿ ಮಾರುಕಟ್ಟೆಗೆ ತಂದಂದಿನಿಂದ ಕರ್ನಾಟಕವು ಇನ್ಸುಲಿನ್ ತಯಾರಿಸುವ ರಾಜ್ಯವೂ ಹೌದು. ಆದರೆ ರಾಜಧಾನಿಗೂ ಯಾದಗಿರಿಗೂ ನಡುವೆ ಐದುನೂರು ಕಿಲೋಮೀಟರಿನಷ್ಟು ದಾರಿಯಿದೆ. ಯಾದಗಿರಿಗೆ ರೈಲಿದ್ದರೂ ಅಲ್ಲಿಂದ ಭೀಮೆಯನ್ನು ದಾಟಿ ಶಹಾಪುರಕ್ಕೆ, ಮುಂದೆ ಸುರಪುರಕ್ಕೆ, ಅಲ್ಲಿಂದ ಹಳ್ಳಿ ಮತ್ತು ತಾಂಡಾಗಳಿಗೆ ಹೋಗುವುದು ರಸ್ತೆಯ ಮೇಲೆಯೇ. ಬೇಸಿಗೆಯಲ್ಲಿ ಗುಳೆ ಹೋಗುವ ಕುಟುಂಬಗಳಿಗೆ ಕಟ್ಟಡ ಕೆಲಸದ ಜಾಗದ ತಗಡಿನ ಶೆಡ್ಡೇ ಮನೆಯಾಗುವುದರಿಂದ, ಅಲ್ಲಿ ಫ್ರಿಜ್ಜಿನ ಮಾತೇ ಬರುವುದಿಲ್ಲ. 2ರಿಂದ 8 ಡಿಗ್ರಿಯ ಔಷಧ ಮತ್ತು 42 ಡಿಗ್ರಿಯ ಬಿಸಿಲು, ಇವೆರಡರ ನಡುವಿನ ಈ ಅಂತರವನ್ನು ಐಸ್ ಪೆಟ್ಟಿಗೆಯಿಲ್ಲದೆ ದಾಟಿಸುವ ದಾರಿಯನ್ನು ವಿಜ್ಞಾನ ಹುಡುಕುತ್ತಿದೆ. ಆ ದಾರಿಗಳಲ್ಲಿ ಒಂದು ಹೈಡ್ರೋಜೆಲ್.

ಮಡಿಕೆ ಬಿಚ್ಚುವ ಬಗೆ

ಹೈಡ್ರೋಜೆಲ್ ಏನು ಮಾಡುತ್ತದೆ ಎಂಬುದು ತಿಳಿಯಬೇಕಾದರೆ ಪ್ರೋಟೀನ್ ಕೆಡುವ ಬಗೆ ಮೊದಲು ತಿಳಿಯಬೇಕು. ಅಮೈನೋ ಆಮ್ಲಗಳಲ್ಲಿ ಕೆಲವು ನೀರನ್ನು ಬಯಸುವಂಥವು, ಕೆಲವು ಎಣ್ಣೆಯಂತೆ ನೀರಿನಿಂದ ದೂರ ಸರಿಯುವಂಥವು. ಸರವು ನೀರಿನಲ್ಲಿ ಮಡಿಸಿಕೊಳ್ಳುವಾಗ ಎಣ್ಣೆಯ ಸ್ವಭಾವದ ಮಣಿಗಳು ಒಳಕ್ಕೆ ಸರಿದು ಅಡಗುತ್ತವೆ, ನೀರನ್ನು ಬಯಸುವವು ಹೊರಮೈಗೆ ಬರುತ್ತವೆ; ಈ ಜೋಡಣೆಯನ್ನು ಹಿಡಿದಿಟ್ಟಿರುವುದು ಬಹುಪಾಲು ಸಣ್ಣ ಸಣ್ಣ ಸೆಳೆತಗಳ ಒಟ್ಟು ಬಲವೇ ಹೊರತು ಗಟ್ಟಿ ಬಂಧಗಳಲ್ಲ. ಉಷ್ಣತೆ ಏರಿದಂತೆ ಅಣುವಿನ ಕುಲುಕಾಟ ಹೆಚ್ಚಿ, ಮಡಿಕೆ ಅಲ್ಲಲ್ಲಿ ಸಡಿಲವಾಗಿ, ಒಳಗೆ ಅಡಗಿದ್ದ ಎಣ್ಣೆಯ ಭಾಗಗಳು ಹೊರಗೆ ಇಣುಕುತ್ತವೆ. ಅಷ್ಟಕ್ಕೇ ನಿಂತಿದ್ದರೆ ತಂಪಾದ ಮೇಲೆ ಹಲವು ಪ್ರೋಟೀನುಗಳು ಮತ್ತೆ ಮಡಿಸಿಕೊಳ್ಳಬಲ್ಲವು. ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವ ಹಾಗೆ ತಾನೇ ಮರಳಿ ಮಡಿಸಿಕೊಳ್ಳುವುದನ್ನು ತೋರಿಸಿದ ಕ್ರಿಶ್ಚಿಯನ್ ಆನ್‌ಫಿನ್ಸೆನ್ ಅವರಿಗೆ 1972ರ ನೊಬೆಲ್ ಬಹುಮಾನ ಸಂದಿತು. ತೊಂದರೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಹೀಗೆ ಸಡಿಲವಾದ ಒಂದು ಅಣುವಿನ ಎಣ್ಣೆಯ ಭಾಗ ಪಕ್ಕದ ಇನ್ನೊಂದು ಅಣುವಿನ ಎಣ್ಣೆಯ ಭಾಗಕ್ಕೆ ತಾಗಿದರೆ ಅವೆರಡೂ ಅಂಟಿಕೊಳ್ಳುತ್ತವೆ, ಎರಡು ನಾಲ್ಕಾಗುತ್ತವೆ, ನಾಲ್ಕು ನೂರಾಗುತ್ತವೆ, ಕೊನೆಗೆ ಮರಳಿ ಬಿಡಿಸಲಾಗದ ಗಂಟಾಗುತ್ತವೆ. ಬೇಯಿಸಿದ ಮೊಟ್ಟೆಯ ಬಿಳಿ ಭಾಗ ಎಷ್ಟು ತಣ್ಣಗಾದರೂ ಮತ್ತೆ ಲೋಳೆಯಾಗದಿರುವುದಕ್ಕೆ ಇದೇ ಕಾರಣ.

ಗಂಟಾಗಲು ಬಿಸಿಯೊಂದೇ ಬೇಕೆಂದಿಲ್ಲ. ದ್ರವ ಗಾಳಿಯನ್ನು ಮುಟ್ಟುವ ಮೇಲ್ಮೈಯಲ್ಲಿ ಪ್ರೋಟೀನಿನ ಎಣ್ಣೆಯ ಭಾಗಗಳು ಗಾಳಿಯ ಕಡೆಗೆ ಚಾಚಿಕೊಳ್ಳುವುದರಿಂದ ಅಲ್ಲಿಯೂ ಮಡಿಕೆ ಬಿಚ್ಚುತ್ತದೆ. ಸೀಸೆ ಕುಲುಕಿದಷ್ಟೂ ಈ ಮೇಲ್ಮೈ ಮತ್ತೆ ಮತ್ತೆ ಹೊಸದಾಗಿ ಹುಟ್ಟುತ್ತದೆ. ಹದಗೆಟ್ಟ ರಸ್ತೆಯಲ್ಲಿ ಜೀಪಿನ ಹಿಂಭಾಗದಲ್ಲಿ ಅರ್ಧ ದಿನ ಕುಲುಕಾಡುವ ಸೀಸೆಗೆ ಬಿಸಿಲು ಮತ್ತು ಕುಲುಕಾಟ ಎರಡೂ ಒಟ್ಟಿಗೆ ಬಡಿಯುತ್ತವೆ. ಫ್ರಿಜ್ಜಿನ ಹಿಮದ ಗೂಡಿಗೆ ತಾಗಿ ಹೆಪ್ಪುಗಟ್ಟಿದರೂ ಅಷ್ಟೇ ಹಾನಿ: ನೀರು ಹರಳಾಗುವಾಗ ಪ್ರೋಟೀನುಗಳನ್ನು ಉಳಿದ ಇಕ್ಕಟ್ಟಿನ ಜಾಗಕ್ಕೆ ದೂಡಿ ಒಂದರ ಮೇಲೊಂದು ಒತ್ತುತ್ತದೆ. ಇವುಗಳ ಜೊತೆಗೆ, ನಿಧಾನವಾಗಿ ಆದರೆ ಬಿಡದೆ ನಡೆಯುವ ರಾಸಾಯನಿಕ ಸವೆತವೂ ಇದೆ. ಆಮ್ಲಜನಕ ಮತ್ತು ನೀರು ಕೆಲವು ಅಮೈನೋ ಆಮ್ಲಗಳನ್ನು ಒಂದೊಂದಾಗಿ ಬದಲಿಸುತ್ತವೆ, ಉಷ್ಣತೆ ಏರಿದಂತೆ ಈ ಸವೆತದ ವೇಗವೂ ಏರುತ್ತದೆ.

ಇನ್ಸುಲಿನ್ನಿನ ಕತೆಯಲ್ಲಿ ಕರ್ನಾಟಕಕ್ಕೂ ಒಂದು ಪಾಲಿದೆ. 51 ಅಮೈನೋ ಆಮ್ಲಗಳು ಅದರಲ್ಲಿ ಯಾವ ಕ್ರಮದಲ್ಲಿವೆ ಎಂಬುದನ್ನು ಬಿಡಿಸಿದ ಫ್ರೆಡರಿಕ್ ಸ್ಯಾಂಗರ್ 1958ರಲ್ಲಿ ನೊಬೆಲ್ ಪಡೆದರು. ಆ ಸರ ಹೇಗೆ ಮಡಿಸಿಕೊಂಡಿದೆ ಎಂಬುದನ್ನು ಆಕ್ಸ್‌ಫರ್ಡ್‌ನಲ್ಲಿ ಡೊರೊತಿ ಹಾಡ್ಕಿನ್ ಅವರ ತಂಡ 1969ರಲ್ಲಿ ತೋರಿಸಿಕೊಟ್ಟಿತು. ಆ ತಂಡದಲ್ಲಿದ್ದ ಎಂ. ವಿಜಯನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ, ಪ್ರೋಟೀನುಗಳ ಆಕಾರವನ್ನು ಹರಳುಗಳ ಮೂಲಕ ಓದುವ ವಿದ್ಯೆಯನ್ನು ಈ ದೇಶದಲ್ಲಿ ಬೇರೂರಿಸಿದರು. ಆಕ್ಸ್‌ಫರ್ಡಿನ ಆ ಚಿತ್ರ ತೋರಿಸಿದ್ದು ಒಂದು ಸೊಗಸಾದ ದಾಸ್ತಾನಿನ ಕ್ರಮವನ್ನು: ಎರಡು ಸತುವಿನ ಪರಮಾಣುಗಳನ್ನು ನಡುವೆ ಇಟ್ಟುಕೊಂಡು ಆರು ಇನ್ಸುಲಿನ್ ಅಣುಗಳು ಒತ್ತಾಗಿ ಕೂತಿರುತ್ತವೆ. ಆರರ ಈ ಕೂಟದಲ್ಲಿರುವಾಗ ಒಂದೊಂದು ಅಣುವಿನ ಅಂಟುವ ಭಾಗಗಳೂ ಪಕ್ಕದವರ ಮರೆಯಲ್ಲಿ ಸುರಕ್ಷಿತವಾಗಿರುತ್ತವೆ. ಕೂಟ ಬಿಟ್ಟು ಒಂಟಿಯಾದ ಅಣುವೇ ಗಂಟಿಗೆ ಬೀಳುವುದು. ಮೇದೋಜೀರಕ ಗ್ರಂಥಿ ಇನ್ಸುಲಿನ್ನನ್ನು ಕೂಡಿಡುವ ರೀತಿಯೂ ಇದೇ, ಸೀಸೆಯಲ್ಲಿ ಸತುವನ್ನು ಬೆರೆಸುವುದರ ಹಿಂದಿನ ಉದ್ದೇಶವೂ ಇದೇ.

ಒಣಗಿಸುವ ಉಪಾಯ

ಪ್ರೋಟೀನನ್ನು ಬಿಸಿಲಿನಲ್ಲಿ ಕಾಪಾಡುವ ಹಳೆಯ ದಾರಿಯೆಂದರೆ ಅದರ ನೀರನ್ನೇ ತೆಗೆದುಬಿಡುವುದು. ಶಹಾಪುರ ಮತ್ತು ಸುರಪುರ ತಾಲ್ಲೂಕುಗಳಲ್ಲಿ ಇದರ ಬೆಲೆ ಏನೆಂಬುದು ಪ್ರತಿ ಮಳೆಗಾಲದಲ್ಲೂ ಕಾಣುತ್ತದೆ. ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆಗಳು ಈ ತಾಲ್ಲೂಕುಗಳಿಗೆ ನೀರು ತಂದ ಮೇಲೆ ಜೋಳ ಮತ್ತು ತೊಗರಿಯ ಹೊಲಗಳ ಪಕ್ಕದಲ್ಲೇ ಭತ್ತದ ಗದ್ದೆಗಳು ಎದ್ದಿವೆ. ಭತ್ತ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕರ ವಿಷಕ್ಕೂ ಒಟ್ಟಾಗಿ ಕೆಲಸ ಮಾಡುವ ಭಾರತದ ಪ್ರತಿವಿಷವು ಕುದುರೆಯ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳಿಂದ, ಅಂದರೆ ಪ್ರೋಟೀನಿನಿಂದಲೇ ಆದ ಔಷಧ. ದ್ರವರೂಪದ ಪ್ರತಿವಿಷಕ್ಕೆ ಫ್ರಿಜ್ ಬೇಕು. ಆದರೆ ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಮಂಜುಗಡ್ಡೆಯನ್ನು ದ್ರವವಾಗಗೊಡದೆ ನೇರವಾಗಿ ಆವಿಯಾಗಿಸಿ ಒಣಗಿಸಿದ ಪ್ರತಿವಿಷವನ್ನು ಕೋಣೆಯ ಉಷ್ಣತೆಯಲ್ಲಿಯೇ ಇಡಬಹುದಾದ್ದರಿಂದ, ವಿದ್ಯುತ್ ನೆಚ್ಚಲಾಗದ ಆಸ್ಪತ್ರೆಗೆ ಅದೇ ಒದಗುವಂಥದ್ದು. ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಕರ್ನಾಟಕ ಸರಕಾರ 2024ರಲ್ಲಿ ಘೋಷಿಸಿದ ಮೇಲೆ, ಯಾವ ಆಸ್ಪತ್ರೆಯಲ್ಲಿ ಎಷ್ಟು ಸೀಸೆ ಇರಬೇಕು ಎಂಬ ಲೆಕ್ಕಕ್ಕೆ ಇನ್ನಷ್ಟು ತೂಕ ಬಂದಿದೆ.

ಆ ಸೀಸೆಯನ್ನು ತುಸು ಹತ್ತಿರದಿಂದ ನೋಡಬಹುದು. ತಳದಲ್ಲಿ ಬಿಳಿಯ ಪುಡಿಯ ಒಂದು ಬಿಲ್ಲೆ ಕೂತಿರುತ್ತದೆ. ಅದಕ್ಕೆ 10 ಮಿಲಿಲೀಟರ್ ಶುದ್ಧ ನೀರನ್ನು ಸೇರಿಸಿದ ಮೇಲೆ ದಾದಿ ಸೀಸೆಯನ್ನು ಕುಲುಕುವುದಿಲ್ಲ. ಅಂಗೈಯಲ್ಲಿ ಹಿಡಿದು ಮೆಲ್ಲಗೆ ಸುತ್ತಿಸುತ್ತಾಳೆ. ಎದುರಿಗೆ ವಿಷವೇರುತ್ತಿರುವ ರೋಗಿ ಇದ್ದರೂ ಇಲ್ಲಿ ಅವಸರ ಮಾಡುವಂತಿಲ್ಲ, ಯಾಕೆಂದರೆ ಕುಲುಕಿದರೆ ನೊರೆ ಏಳುತ್ತದೆ, ನೊರೆಯೆಂದರೆ ಗಾಳಿ ಮತ್ತು ನೀರು ಸಂಧಿಸುವ ಮೇಲ್ಮೈಗಳ ರಾಶಿ, ಆ ಮೇಲ್ಮೈಗಳಲ್ಲಿ ಪ್ರತಿಕಾಯಗಳ ಮಡಿಕೆ ಬಿಚ್ಚುತ್ತದೆ. ಹಿಂದಿನ ಭಾಗದಲ್ಲಿ ಹೇಳಿದ ಸಿದ್ಧಾಂತವೆಲ್ಲ ಆ ಮೆಲ್ಲಗಿನ ಕೈಚಲನೆಯಲ್ಲಿ ಅಡಗಿದೆ.

ಒಣಗಿಸುವ ಈ ದಾರಿಯನ್ನು ಬೆಂಗಳೂರಿನಲ್ಲಿ ಇನ್ನೂ ಮುಂದಕ್ಕೆ ಒಯ್ಯಲಾಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಣುಜೀವಭೌತ ವಿಭಾಗದ ರಾಘವನ್ ವರದರಾಜನ್ ಮತ್ತು ಅವರ ಸಂಗಡಿಗರು, ಸಂಸ್ಥೆಯಲ್ಲೇ ಹುಟ್ಟಿದ ಮಿನ್‌ವ್ಯಾಕ್ಸ್ ಎಂಬ ಕಂಪನಿಯ ಜೊತೆಗೂಡಿ, ಕೊರೊನಾ ವೈರಸ್ಸಿನ ಮುಳ್ಳಿನ ಒಂದು ತುಂಡನ್ನು ಲಸಿಕೆಯ ಪ್ರೋಟೀನಾಗಿ ರೂಪಿಸಿದರು. ಒಣಗಿಸಿದ ಆ ಪ್ರೋಟೀನ್ 37 ಡಿಗ್ರಿಯಲ್ಲಿ ನಾಲ್ಕು ವಾರ ಇದ್ದರೂ, 100 ಡಿಗ್ರಿಯಲ್ಲಿ 90 ನಿಮಿಷ ಕಾಯಿಸಿದರೂ ತನ್ನ ಮಡಿಕೆಯನ್ನು ಉಳಿಸಿಕೊಂಡಿತೆಂದು ಅವರ ಪ್ರಯೋಗಗಳು ತೋರಿಸಿದವು. ಆದರೂ ಒಣಗಿಸುವ ದಾರಿಗೆ ಮೂರು ಮಿತಿಗಳಿವೆ: ಯಂತ್ರ ದುಬಾರಿ, ಹೆಪ್ಪುಗಟ್ಟುವ ಹೆಜ್ಜೆಯನ್ನೇ ತಾಳದ ಪ್ರೋಟೀನುಗಳಿವೆ, ಮತ್ತು ಚುಚ್ಚುವ ಮುನ್ನ ಶುದ್ಧ ನೀರಿನಲ್ಲಿ ಸರಿಯಾದ ಅಳತೆಗೆ ಕರಗಿಸಬೇಕು. ಆಸ್ಪತ್ರೆಯಲ್ಲಿ ಈ ಕೊನೆಯ ಕೆಲಸ ಸುಲಭ. ದಿನಕ್ಕೆ ಎರಡು ಮೂರು ಬಾರಿ ಮನೆಯಲ್ಲೇ ಚುಚ್ಚಿಕೊಳ್ಳುವ, ಕಣ್ಣು ಮಂಜಾದ ಮಧುಮೇಹದ ಮುದುಕಿಗೆ ಸುಲಭವಲ್ಲ.

ನೀರನ್ನು ಹಿಡಿದ ಬಲೆ

ನೀರನ್ನು ತೆಗೆಯದೆಯೇ, ನೀರಿನೊಳಗೇ ಪ್ರೋಟೀನುಗಳನ್ನು ಒಂದಕ್ಕೊಂದು ತಾಗದಂತೆ ಇರಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ಹೈಡ್ರೋಜೆಲ್ ಒಂದು ಉತ್ತರ. ಬೇಸಿಗೆಯ ಶರಬತ್ತಿಗೆ ಹಾಕುವ ಕಾಮಕಸ್ತೂರಿ ಬೀಜ, ಅಂದರೆ ಅಂಗಡಿಗಳಲ್ಲಿ ಸಬ್ಜಾ ಎಂದು ಮಾರುವ ಕಪ್ಪು ಕಾಳು, ಹೈಡ್ರೋಜೆಲ್ ಎಂದರೇನೆಂಬುದನ್ನು ಯಾವ ಪ್ರಯೋಗಾಲಯವೂ ಇಲ್ಲದೆ ತೋರಿಸಬಲ್ಲದು. ಸಾಸಿವೆಯಷ್ಟಿರುವ ಒಣ ಕಾಳನ್ನು ನೀರಿಗೆ ಹಾಕಿ ಹತ್ತು ಹದಿನೈದು ನಿಮಿಷ ಬಿಟ್ಟರೆ, ಅದರ ಸುತ್ತ ಬೂದು ಬಣ್ಣದ, ಪಾರದರ್ಶಕವಾದ ಲೋಳೆಯ ಕವಚ ಕಟ್ಟುತ್ತದೆ. ಆ ಕವಚದ ತೂಕದ ಬಹುಪಾಲು ನೀರೇ. ಆದರೂ ಅದು ನೀರಿನಂತೆ ಹರಿದುಹೋಗುವುದಿಲ್ಲ, ಚಮಚೆಯಲ್ಲಿ ಎತ್ತಿದರೆ ತನ್ನ ಆಕಾರದಲ್ಲಿಯೇ ಬರುತ್ತದೆ. ಬೀಜದ ಸಿಪ್ಪೆಯಲ್ಲಿದ್ದ, ಸಕ್ಕರೆಯ ಘಟಕಗಳು ಉದ್ದಕ್ಕೆ ಕೂಡಿ ಆದ ಎಳೆಗಳು ನೀರಿನಲ್ಲಿ ಹರಡಿ ಬಲೆಯಾಗಿ, ಆ ಬಲೆಯ ಕಣ್ಣುಗಳಲ್ಲಿ ನೀರು ಸಿಕ್ಕಿಕೊಂಡಿರುವುದೇ ಇದಕ್ಕೆ ಕಾರಣ. ನೀರನ್ನು ಬಯಸುವ ಆದರೆ ನೀರಿನಲ್ಲಿ ಕರಗಿ ಚದುರದ ಎಳೆಗಳ ಇಂಥ ಯಾವ ಬಲೆಯನ್ನೇ ಆಗಲಿ ಹೈಡ್ರೋಜೆಲ್ ಎನ್ನುತ್ತಾರೆ.

ಮನುಷ್ಯ ಬೇಕೆಂದೇ ತಯಾರಿಸಿದ ಹೈಡ್ರೋಜೆಲ್ಲುಗಳು ವೈದ್ಯಕೀಯಕ್ಕೆ ಬಂದದ್ದು ಚೆಕ್ ದೇಶದ ರಸಾಯನಶಾಸ್ತ್ರಜ್ಞ ಓಟೋ ವಿಖ್ಟರ್ಲೆ ಮತ್ತು ಅವರ ಸಹೋದ್ಯೋಗಿ ದ್ರಾಹೋಸ್ಲಾವ್ ಲಿಮ್ 1960ರಲ್ಲಿ ಪ್ರಕಟಿಸಿದ ಬರಹದಿಂದ. ಅದೇ ವಸ್ತುವಿನಿಂದ ಮೆತ್ತನೆಯ ಕಣ್ಣಿನ ಲೆನ್ಸ್ ಮಾಡಲು ವಿಖ್ಟರ್ಲೆ 1961ರ ಕೊನೆಯಲ್ಲಿ ತಮ್ಮ ಮನೆಯಲ್ಲೇ, ಮಕ್ಕಳು ಆಡುವ ಜೋಡಣೆಯ ತಗಡಿನ ತುಂಡುಗಳಿಂದ ಯಂತ್ರವನ್ನು ಕಟ್ಟಿದರು. ಇಂದು ಮಗುವಿನ ಡೈಪರಿನಿಂದ ಹಿಡಿದು ಸುಟ್ಟ ಗಾಯದ ಪಟ್ಟಿಯವರೆಗೆ ಹೈಡ್ರೋಜೆಲ್ಲುಗಳಿವೆ. ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಪೂಸಾ ಹೈಡ್ರೋಜೆಲ್ ಒಣಭೂಮಿಯ ಹೊಲದ ಮಣ್ಣಿನಲ್ಲಿ ತೇವವನ್ನು ಹಿಡಿದಿಡಲೆಂದೇ ಬಂದದ್ದು.

ಬಲೆಯ ಕಣ್ಣುಗಳನ್ನು ಬೇಕಾದ ಅಳತೆಗೆ ಹೆಣೆಯಬಹುದು ಎಂಬುದೇ ಪ್ರೋಟೀನ್ ಔಷಧದ ಮಟ್ಟಿಗೆ ಮುಖ್ಯವಾದ ಮಾತು. ಒಂದು ಇನ್ಸುಲಿನ್ ಅಣುವಿನ ಅಡ್ಡಳತೆ ಮೂರು ನ್ಯಾನೋಮೀಟರಿನ ಆಸುಪಾಸು, ಅಂದರೆ ಒಂದು ಮಿಲಿಮೀಟರಿನ ಮೂರು ಲಕ್ಷಕ್ಕೂ ಹೆಚ್ಚು ಪಾಲುಗಳಲ್ಲಿ ಒಂದು ಪಾಲು. ಅಂಥ ಅಣುಗಳ ನಡುವೆ ಎಳೆಗಳು ಅಡ್ಡವಿದ್ದರೆ ಮೂರು ಲಾಭಗಳು ಒಟ್ಟಿಗೆ ದೊರೆಯುತ್ತವೆ. ಮೊದಲನೆಯದಾಗಿ, ಬಿಸಿಗೆ ಒಂದು ಅಣುವಿನ ಮಡಿಕೆ ಸಡಿಲವಾದರೂ, ಪಕ್ಕದಲ್ಲಿ ಅಂಟಿಕೊಳ್ಳಲು ಇನ್ನೊಂದು ಸಿಗದಿರುವುದರಿಂದ ಅದು ಗಂಟಾಗದೆ, ತಂಪಾದಾಗ ಮರಳಿ ಮಡಿಸಿಕೊಳ್ಳುವ ಅವಕಾಶ ಉಳಿಯುತ್ತದೆ. ಎರಡನೆಯದಾಗಿ, ಇಕ್ಕಟ್ಟಿನ ಕೋಣೆಯಲ್ಲಿ ಕೈಕಾಲು ಚಾಚಲಾಗದಂತೆ, ಇಕ್ಕಟ್ಟಾದ ಕಣ್ಣಿನೊಳಗೆ ಸರ ಪೂರ್ತಿ ಬಿಚ್ಚಿಕೊಳ್ಳುವುದೂ ಕಷ್ಟವಾಗುತ್ತದೆ. ಮೂರನೆಯದಾಗಿ, ಜೆಲ್ ಹರಿಯುವುದಿಲ್ಲವಾದ್ದರಿಂದ ಸೀಸೆಯನ್ನು ಎಷ್ಟೇ ಕುಲುಕಿದರೂ ಒಳಗೆ ನೊರೆ ಏಳುವುದಿಲ್ಲ, ಗಾಳಿಯ ಹೊಸ ಮೇಲ್ಮೈಗಳು ಹುಟ್ಟುವುದಿಲ್ಲ. ಒಣಗಿಸುವ ವಿಧಾನವು ಪ್ರೋಟೀನನ್ನು ನೀರಿನಿಂದ ಬೇರ್ಪಡಿಸಿದರೆ, ಹೈಡ್ರೋಜೆಲ್ ಪ್ರೋಟೀನನ್ನು ಪ್ರೋಟೀನಿನಿಂದಲೇ ಬೇರ್ಪಡಿಸುತ್ತದೆ.

ಬಲೆಯಿಂದ ಬಿಡಿಸುವ ಜಾಣ್ಮೆ

ಹೀಗೆ ಬಲೆಗೆ ಹಾಕುವುದು ಸುಲಭ, ಬೇಕಾದಾಗ ಹೊರತೆಗೆಯುವುದು ಕಷ್ಟ. ರೋಗಿಗೆ ಬೇಕಾಗಿರುವುದು ಜೆಲ್ ಅಲ್ಲ, ಶುದ್ಧ ಔಷಧ. ಅದೂ ನಿಗದಿಯಾದ ಅಳತೆಯಲ್ಲಿ, ಪೂರ್ತಿಯಾಗಿ. ಬಲೆಯನ್ನು ಕರಗಿಸಲು ಬಿಸಿ ಮಾಡಿದರೆ ಪ್ರೋಟೀನೇ ಕೆಡುತ್ತದೆ, ಆಮ್ಲ ಹಾಕಿದರೂ ಅದೇ ಗತಿ. ಈ ತೊಡಕಿಗೆ ಇತ್ತೀಚೆಗೆ ಎರಡು ಬೇರೆ ಬೇರೆ ಪರಿಹಾರಗಳು ಬಂದಿವೆ.

ಸ್ವಿಟ್ಜರ್ಲೆಂಡಿನ ಝೂರಿಕ್‌ನಲ್ಲಿರುವ ಇಟಿಹೆಚ್ ವಿಶ್ವವಿದ್ಯಾಲಯದ ಮಾರ್ಕ್ ಟಿಬಿಟ್ ಅವರ ತಂಡ 2022ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಪಾಲಿಮರ್ ಎಳೆಗಳನ್ನು ಬೋರಾನ್ ಇರುವ ಸಂದುಗಳಿಂದ ಹೆಣೆಯಲಾಗುತ್ತದೆ. ಈ ಸಂದುಗಳು ಬಿಚ್ಚಿ ಮತ್ತೆ ಕಟ್ಟಿಕೊಳ್ಳುವಂಥವು. ಸಕ್ಕರೆಯ ಬಗೆಯ ಅಣುಗಳಿಗೂ ಅವುಗಳಿಗೂ ಒಲವು ಹೆಚ್ಚು. ಔಷಧ ಬೇಕಾದಾಗ ಜೆಲ್ಲಿಗೆ ಸಕ್ಕರೆಯ ದ್ರಾವಣವನ್ನು ಸೇರಿಸಿದರೆ, ಸಂದುಗಳು ಪಕ್ಕದ ಎಳೆಯನ್ನು ಬಿಟ್ಟು ಸಕ್ಕರೆಯನ್ನು ಹಿಡಿದುಕೊಳ್ಳುತ್ತವೆ, ಬಲೆ ಬಿಚ್ಚಿ ದ್ರವವಾಗುತ್ತದೆ. ಈ ಬಲೆಯಲ್ಲಿಟ್ಟ ಕಿಣ್ವಗಳು 65 ಡಿಗ್ರಿಯವರೆಗೂ ತಮ್ಮ ಕೆಲಸವನ್ನು ಉಳಿಸಿಕೊಂಡವು. ಆದರೆ ಇಲ್ಲಿ ಬಲೆಯ ಎಳೆಗಳೂ ಸಕ್ಕರೆಯೂ ಔಷಧದ ಜೊತೆಗೇ ಉಳಿಯುತ್ತವೆ. ಚುಚ್ಚುಮದ್ದಿನ ಮಟ್ಟಿಗೆ ಅವೆಲ್ಲವೂ ದೇಹಕ್ಕೆ ಹಾನಿಯಿಲ್ಲದವು ಎಂದು ಸಾಬೀತಾಗಬೇಕಾಗುತ್ತದೆ.

ಮ್ಯಾಂಚೆಸ್ಟರಿನ ಮ್ಯಾಥ್ಯೂ ಗಿಬ್ಸನ್ ಮತ್ತು ಗ್ಲಾಸ್ಗೋದ ಡೇವ್ ಆಡಮ್ಸ್ ಅವರ ತಂಡಗಳು 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ವಿವರಿಸಿದ ದಾರಿ ಇದಕ್ಕಿಂತ ಸರಳ. ಅವರ ಬಲೆ ಉದ್ದದ ಪಾಲಿಮರಿನಿಂದ ಆದದ್ದಲ್ಲ. ಸಣ್ಣ ಸಣ್ಣ ಅಣುಗಳು ನೀರಿನಲ್ಲಿ ತಾವಾಗಿಯೇ ಒಂದರ ಮೇಲೊಂದು ಪೇರಿಸಿಕೊಂಡು ಎಳೆಗಳಾಗಿ, ಆ ಎಳೆಗಳು ಸಿಕ್ಕುಬಿದ್ದು ಗಟ್ಟಿಯಾದ ಜೆಲ್ ಆಗುತ್ತದೆ. ಆ ಜೆಲ್ಲನ್ನು ಸಿರಿಂಜಿನೊಳಗೇ ಕಟ್ಟಿಸಿ, ಸಿರಿಂಜಿನ ಮೂತಿಗೆ ಜರಡಿಯಂಥ ಒಂದು ಫಿಲ್ಟರ್ ಸಿಕ್ಕಿಸಿ, ಹಿಡಿಯನ್ನು ಒತ್ತಿದರೆ ಸಾಕು: ಒತ್ತಡಕ್ಕೆ ಜೆಲ್ ಒಡೆಯುತ್ತದೆ, ಒಡೆದ ಎಳೆಗಳು ಫಿಲ್ಟರಿನಲ್ಲಿ ನಿಲ್ಲುತ್ತವೆ, ಶುದ್ಧವಾದ ಪ್ರೋಟೀನಿನ ದ್ರಾವಣ ಮಾತ್ರ ಹೊರಗೆ ಬರುತ್ತದೆ. ಏನನ್ನೂ ಬೆರೆಸುವ ಅಗತ್ಯವಿಲ್ಲ, ಏನೂ ಔಷಧದಲ್ಲಿ ಉಳಿಯುವುದಿಲ್ಲ. ಬಟ್ಟೆಯಲ್ಲಿ ಕಟ್ಟಿ ಹಿಂಡಿದ ತೊಕ್ಕಿನಿಂದ ರಸ ಇಳಿದು ಚರಟ ಬಟ್ಟೆಯಲ್ಲೇ ಉಳಿಯುವಂತೆ ಇದು.

ಆ ತಂಡ ಜೆಲ್ಲಿಗೆ ಒಡ್ಡಿದ ಪರೀಕ್ಷೆಗಳೂ ಕಠಿಣವಾಗಿದ್ದವು. ಜೆಲ್ಲಿನಲ್ಲಿಟ್ಟ ಇನ್ಸುಲಿನ್ನನ್ನು 25 ಡಿಗ್ರಿಯಲ್ಲಿ, ನಿಮಿಷಕ್ಕೆ 600 ಸುತ್ತಿನಂತೆ ತಿರುಗಿಸಿದರು. ರಸ್ತೆಯ ಯಾವ ಕುಲುಕಾಟವೂ ಅದಕ್ಕೆ ಸಾಟಿಯಲ್ಲ, ಆದರೂ ಇನ್ಸುಲಿನ್ ಗಂಟಾಗದೆ ಹೊರಬಂದಿತು. ಬೀಟಾ-ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವವನ್ನು 50 ಡಿಗ್ರಿಯಲ್ಲಿ ಏಳು ದಿನ ಇಟ್ಟ ಮೇಲೂ, ತಾಜಾ ಕಿಣ್ವಕ್ಕೆ ಹೋಲಿಸಿದರೆ ಅದರ ಕೆಲಸದ ಶೇ 97ರಷ್ಟು ಉಳಿದಿತ್ತು. ಕೊನೆಗೆ, ಜೆಲ್ಲಿನಲ್ಲಿಟ್ಟ ಪ್ರೋಟೀನನ್ನು ಸಾಮಾನ್ಯ ಅಂಚೆಯಲ್ಲಿ ಕಳುಹಿಸಿ ನೋಡಿದರು. ಎರಡು ದಿನದ ಪಯಣದ ನಂತರವೂ ಅದು ಕೆಡದೆ ತಲುಪಿತು.

ಉಳಿದಿರುವ ತೊಡಕುಗಳು

ಇಷ್ಟೆಲ್ಲ ಆದರೂ ಹೈಡ್ರೋಜೆಲ್ಲಿನಲ್ಲಿ ಇಟ್ಟು ಮಾರುವ ಇನ್ಸುಲಿನ್ ಯಾದಗಿರಿಯ ಅಂಗಡಿಗೆ ಬಂದಿಲ್ಲ. ಬರುವ ಮುನ್ನ ದಾಟಬೇಕಾದ ಹೊಳೆಗಳು ಕೆಲವಿವೆ. ಬಲೆ ಗಂಟಾಗುವುದನ್ನು ತಡೆಯುತ್ತದೆಯೇ ಹೊರತು ನೀರು ಮತ್ತು ಆಮ್ಲಜನಕ ಮಾಡುವ ರಾಸಾಯನಿಕ ಸವೆತವನ್ನು ಪೂರ್ತಿಯಾಗಿ ತಡೆಯುವುದಿಲ್ಲ, ಯಾಕೆಂದರೆ ಬಲೆಯೊಳಗೂ ನೀರಿದೆ. ಒಂದು ಪ್ರೋಟೀನಿಗೆ ಒಗ್ಗಿದ ಬಲೆ ಇನ್ನೊಂದಕ್ಕೆ ಒಗ್ಗದಿರಬಹುದಾದ್ದರಿಂದ ಪ್ರತಿ ಔಷಧಕ್ಕೂ ಪರೀಕ್ಷೆ ಹೊಸದಾಗಿಯೇ ಆಗಬೇಕು. ಫಿಲ್ಟರಿನಲ್ಲಿ ಜೆಲ್ಲಿನ ಅಂಶ ಒಂದಿಷ್ಟೂ ಸೋರುವುದಿಲ್ಲವೆಂದು, ಸೋರಿದರೂ ವರ್ಷಾನುಗಟ್ಟಲೆ ದಿನವೂ ಚುಚ್ಚಿಕೊಳ್ಳುವವರಿಗೆ ಅಪಾಯವಿಲ್ಲವೆಂದು ತೋರಿಸಬೇಕು. ಸೂಕ್ಷ್ಮಾಣುಗಳಿಲ್ಲದಂತೆ ಲಕ್ಷಗಟ್ಟಲೆ ಸಿರಿಂಜುಗಳಲ್ಲಿ ಜೆಲ್ ಕಟ್ಟಿಸುವ ಕಾರ್ಖಾನೆಯ ವಿದ್ಯೆಯೂ ಬೇಕು. ಇವೆಲ್ಲ ಮುಗಿದ ಮೇಲೂ ಬೆಲೆಯ ಪ್ರಶ್ನೆ ಉಳಿಯುತ್ತದೆ: ಫ್ರಿಜ್ ಕೊಳ್ಳಲಾಗದವರಿಗಾಗಿ ಹುಟ್ಟಿದ ಸಿರಿಂಜಿನ ಬೆಲೆ ಫ್ರಿಜ್ಜಿಗಿಂತ ಹೆಚ್ಚಾದರೆ, ಅದರ ಅಗತ್ಯ ಯಾರಿಗಿದೆಯೋ ಅವರಿಗೇ ಅದು ಎಟುಕದು.

ಹರವಿಯ ಲೆಕ್ಕ

ಅಂಥ ಸಿರಿಂಜು ಕೈಗೆ ಬರುವವರೆಗೆ ದಾರಿಯೇ ಇಲ್ಲವೆಂದಲ್ಲ. ಬಳಕೆಯಲ್ಲಿರುವ ಇನ್ಸುಲಿನ್ ಸೀಸೆಯನ್ನು ಸಾಮಾನ್ಯವಾಗಿ 25ರಿಂದ 30 ಡಿಗ್ರಿಯ ಒಳಗೆ ನಾಲ್ಕು ವಾರದವರೆಗೆ ಫ್ರಿಜ್ಜಿನ ಹೊರಗೆ ಇಡಬಹುದೆಂದು ತಯಾರಕರೇ ಹೇಳುತ್ತಾರೆ. ಕೀನ್ಯಾದ ದಗಹಾಲೆ ನಿರಾಶ್ರಿತರ ಶಿಬಿರದ ಹವೆಯನ್ನು ಅನುಕರಿಸಿ ಜಿನೀವಾ ವಿಶ್ವವಿದ್ಯಾಲಯ ಮತ್ತು ಗಡಿಯಿಲ್ಲದ ವೈದ್ಯರು ಎಂಬ ಸಂಸ್ಥೆ ಸೇರಿ ನಡೆಸಿದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 25 ಮತ್ತು 37 ಡಿಗ್ರಿಗಳ ನಡುವೆ ಏರಿಳಿಯುವ ಉಷ್ಣತೆಯಲ್ಲಿ ನಾಲ್ಕು ವಾರ ಇದ್ದ ಇನ್ಸುಲಿನ್ನಿನ ಶಕ್ತಿ ಫ್ರಿಜ್ಜಿನಲ್ಲಿದ್ದದ್ದಕ್ಕೆ ಸಮನಾಗಿಯೇ ಇತ್ತು. ಹಾಗಾದರೆ ಸುರಪುರದ ಮನೆಯೊಳಗೆ 42 ಡಿಗ್ರಿಯಿಂದ ಆ ಮಿತಿಯೊಳಗೆ ಇಳಿಸುವ ಸಾಧನ ಯಾವುದು? ಅದು ಪಡಸಾಲೆಯ ಮೂಲೆಯಲ್ಲಿ ಆಗಲೇ ಇದೆ.

ಮಣ್ಣಿನ ಹರವಿಯ ಮೈಯ ಸೂಕ್ಷ್ಮ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುವಾಗ, ಪ್ರತಿ ಗ್ರಾಂ ನೀರು ಸುಮಾರು 580 ಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಗಾಳಿ ಒಣಗಿದಷ್ಟೂ ಆವಿ ಹೆಚ್ಚು, ತಂಪೂ ಹೆಚ್ಚು. ಹೊರಗೆ 42 ಡಿಗ್ರಿ ಇದ್ದು ಗಾಳಿಯ ತೇವಾಂಶ ಶೇ 20 ಇದ್ದರೆ, ಲೆಕ್ಕದ ಪ್ರಕಾರ ಆವಿಯಾಗುವ ನೀರು ಹೆಚ್ಚೆಂದರೆ ಸುಮಾರು 24 ಡಿಗ್ರಿಯವರೆಗೆ ತಂಪಾಗಬಲ್ಲದು. ಮಳೆಗಾಲದಲ್ಲಿ ಹೊರಗೆ 32 ಡಿಗ್ರಿ, ತೇವಾಂಶ ಶೇ 70 ಇದ್ದರೆ 27 ಡಿಗ್ರಿಗಿಂತ ಕೆಳಗೆ ಇಳಿಯದು. ನಿಜವಾದ ಹರವಿಯಲ್ಲಿ ಈ ಅಂಕೆಗಳಿಗಿಂತ ಒಂದೆರಡು ಡಿಗ್ರಿ ಹೆಚ್ಚೇ ಇರುತ್ತದೆ. ಸುಡುವ ಮೇ ತಿಂಗಳಿನಲ್ಲಿಯೇ ಹರವಿ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದು ಈ ನಾಡಿನ ಹವೆಗೆ ಒದಗಿದ ಅನುಕೂಲ. ಕನ್ನಡದಲ್ಲಿ ಮಡಿಕೆ ಎಂದರೆ ಮಡಚಿದ್ದೂ ಹೌದು, ಮಣ್ಣಿನ ಪಾತ್ರೆಯೂ ಹೌದು. ಒಂದು ಮಡಿಕೆ ಇನ್ನೊಂದು ಮಡಿಕೆಯನ್ನು ಕಾಯುತ್ತದೆ.

ಆದ್ದರಿಂದ ಇಂದಿನ ಮಟ್ಟಿಗೆ ಪಾಲಿಸಬೇಕಾದ ನಿಯಮಗಳು ಸರಳ. ಫ್ರಿಜ್ಜಿಲ್ಲದ ಮನೆಯಲ್ಲಿ ಸೀಸೆಯನ್ನು ನೀರು ಹೊಗದ ಡಬ್ಬಿಯಲ್ಲಿ ಹಾಕಿ, ನೀರು ಜಿನುಗುವ ಮಡಕೆಯಲ್ಲಿ, ನೆರಳಿನಲ್ಲಿ, ಗಾಳಿಯಾಡುವ ಕಡೆ ಇಡಬೇಕು. ಫ್ರಿಜ್ಜಿದ್ದರೆ ಹಿಮದ ಗೂಡಿನಿಂದ ದೂರ, ಬಾಗಿಲ ಕಡೆಯ ಗೂಡಿನಲ್ಲಿ ಇಡಬೇಕು. ಬಿಸಿಲಲ್ಲಿ ನಿಂತ ವಾಹನದೊಳಗೆ ಎಂದೂ ಬಿಡಬಾರದು. ಒಮ್ಮೆ ಹೆಪ್ಪುಗಟ್ಟಿದ್ದನ್ನು, ಮೆಲ್ಲಗೆ ಉರುಳಿಸಿದರೂ ಗರಣೆ ಅಥವಾ ಕಣಗಳು ಬಿಡದೆ ಕಾಣುವುದನ್ನು ಚುಚ್ಚಿಕೊಳ್ಳಬಾರದು. ತೆರೆದ ದಿನಾಂಕವನ್ನು ಸೀಸೆಯ ಮೇಲೆ ಬರೆದು, ಚೀಟಿಯಲ್ಲಿ ಹೇಳಿದ ಅವಧಿ ಮುಗಿದ ಮೇಲೆ ಬಿಸಾಡಬೇಕು. ಜೆಲ್ಲಿನಲ್ಲಿಟ್ಟ ಇನ್ಸುಲಿನ್ ಪ್ರಯೋಗಾಲಯದಲ್ಲಿ ಗೆದ್ದ ಪರೀಕ್ಷೆ 25 ಡಿಗ್ರಿಯದು, ಅಂದರೆ ಹರವಿಯೂ ಹೆಚ್ಚುಕಡಿಮೆ ಮುಟ್ಟಬಲ್ಲ ಉಷ್ಣತೆಯದು. ಹರವಿಯ ನೆರವಿಲ್ಲದ ದಾರಿಯ ಮೇಲೆ, ತಗಡಿನ ಶೆಡ್ಡಿನಲ್ಲಿ, 42 ಡಿಗ್ರಿಯಲ್ಲಿ ವಾರಗಟ್ಟಲೆ ಇದ್ದು ಅದೇ ಇನ್ಸುಲಿನ್ ಮಡಿಕೆ ಬಿಚ್ಚದೆ ಹೊರಬಂದ ದಿನ ಹೈಡ್ರೋಜೆಲ್ ಈ ಜಿಲ್ಲೆಯ ಪರೀಕ್ಷೆಯಲ್ಲಿ ತೇರ್ಗಡೆಯಾಯಿತೆಂದು ಹೇಳಬಹುದು.